ಬೀಗ ಗಟ್ಟಿಯಿದೆ, ನಷ್ಟ ಯಾರದು?

ನಿವೃತ್ತರು ನಾಲ್ಕು ಮಂದಿ ಸೇರಿದ ಕಡೆ ಹಿಂದೆ ತುಟ್ಟಿಭತ್ಯೆಯ ಮಾತು ಬರುತ್ತಿತ್ತು. ಈಗ ಯಾರ ಖಾತೆಯಿಂದ ಎಷ್ಟು ಹಣ ಹೋಯಿತು ಎಂಬ ಮಾತು ಬರುತ್ತದೆ. ಮಾತು ಮುಗಿಯುವಷ್ಟರಲ್ಲಿ ಎರಡು ಪಕ್ಷಗಳು ಏರ್ಪಟ್ಟಿರುತ್ತವೆ. ಆನ್‌ಲೈನ್ ಬ್ಯಾಂಕಿಂಗ್ ಎಂಬುದೇ ಬೇಡ, ಪಾಸ್‌ಬುಕ್ಕು, ಚೆಕ್ಕು ಇದ್ದರೆ ಸಾಕು ಎನ್ನುವವರದು ಒಂದು. ಇಷ್ಟೆಲ್ಲ ಭದ್ರತೆಯಿರುವಾಗ ಹಣ ಹೋಯಿತೆಂದರೆ ತಪ್ಪು ಕಳೆದುಕೊಂಡವನದೇ ಎನ್ನುವವರದು ಇನ್ನೊಂದು. ಸ್ವಲ್ಪ ಸೂಕ್ಷ್ಮವಾಗಿ ನೋಡಿದರೆ ಎರಡು ವಾದಗಳೂ ನಿಲ್ಲುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆನ್‌ಲೈನ್ ಬ್ಯಾಂಕಿಂಗ್ ಸುರಕ್ಷಿತವೇ ಎಂದು ಕೇಳುವಾಗ ನಾವು ಬೀಗದ ಗುಣಮಟ್ಟವನ್ನು ಮಾತ್ರ ವಿಚಾರಿಸುತ್ತೇವೆ. ಕಳವಾದಾಗ ನಷ್ಟವನ್ನು ಯಾರು ಹೊರಬೇಕು ಎಂಬುದು ಅಷ್ಟೇ ಮುಖ್ಯವಾದ ಪ್ರಶ್ನೆ. ಅದನ್ನು ಕೇಳುವವರು ವಿರಳ.

ಮೊದಲು ಬೀಗದ ವಿಚಾರ. ಸರ್ಕಾರಿ ಖಜಾನೆಗಳ ಭದ್ರತಾ ಕೊಠಡಿಗೆ ಎರಡು ಬೀಗಗಳಿರುತ್ತಿದ್ದವು. ಒಂದರ ಕೀಲಿ ಖಜಾನಾಧಿಕಾರಿಯ ಬಳಿ, ಇನ್ನೊಂದರದು ಅವರ ಕೈಕೆಳಗಿನ ಮತ್ತೊಬ್ಬ ಜವಾಬ್ದಾರಿಯುತ ನೌಕರನ ಬಳಿ. ಇಬ್ಬರೂ ಒಟ್ಟಿಗೆ ಬಂದು ನಿಂತಲ್ಲದೆ ಬಾಗಿಲು ತೆರೆಯುವಂತಿರಲಿಲ್ಲ. ಇದನ್ನು ಡಬಲ್ ಲಾಕ್ ಎಂದೇ ಕರೆಯುವುದು ರೂಢಿ. ಭಾರತೀಯ ರಿಸರ್ವ್ ಬ್ಯಾಂಕು ಅಂತರ್ಜಾಲದ ಮೂಲಕ ನಡೆಯುವ ಕಾರ್ಡ್ ಪಾವತಿಗಳಿಗೆ 2009ರ ಆಗಸ್ಟ್ 1ರಿಂದ ಇದೇ ತತ್ವವನ್ನು ಕಡ್ಡಾಯ ಮಾಡಿತು. ಕಾರ್ಡಿನ ಮೇಲೆ ಅಚ್ಚಾಗಿರುವ ಸಂಖ್ಯೆಗಳು ಮಾತ್ರ ಸಾಲವು, ಕಾರ್ಡಿನ ಮೇಲಿಲ್ಲದ ಇನ್ನೊಂದು ಗುರುತೂ ಬೇಕು ಎಂಬುದು ಅದರ ಸಾರ. ಆ ಇನ್ನೊಂದು ಗುರುತೇ ಕ್ರಮೇಣ ನಮ್ಮ ಮೊಬೈಲಿಗೆ ಬರುವ ಒಟಿಪಿಯಾಯಿತು. ಮುಂದುವರಿದ ದೇಶಗಳೆನಿಸಿದ ಕೆಲವು ಕಡೆ ಇಂದಿಗೂ ಎರಡನೆಯ ಗುರುತನ್ನು ಕೇಳದೆಯೇ ಎಷ್ಟೋ ಖರೀದಿಗಳು ನಡೆದುಹೋಗುತ್ತವೆ. ಈ ವಿಷಯದಲ್ಲಿ ನಾವು ಹಿಂದುಳಿದವರೇನಲ್ಲ.

ಬ್ಯಾಂಕಿನ ಕಂಪ್ಯೂಟರಿಗೇ ಕನ್ನ ಬಿದ್ದ ಪ್ರಸಂಗಗಳು ಇಲ್ಲವೆಂದಲ್ಲ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಎಟಿಎಂ ವ್ಯವಸ್ಥೆಯೊಳಗೆ ದುಷ್ಟ ತಂತ್ರಾಂಶವನ್ನು ನುಗ್ಗಿಸಿ, 28 ದೇಶಗಳ ಎಟಿಎಂಗಳಿಂದ ಹಣ ತೆಗೆದು, ಇನ್ನಷ್ಟನ್ನು ಹಾಂಗ್‌ಕಾಂಗಿಗೆ ವರ್ಗಾಯಿಸಿ, ಒಟ್ಟು ಸುಮಾರು 94 ಕೋಟಿ ರೂಪಾಯಿ ದೋಚಲಾಯಿತು. ಆದರೆ ಗ್ರಾಹಕರ ಖಾತೆಗಳ ಶಿಲ್ಕಿಗೆ ಧಕ್ಕೆಯಾಗಿಲ್ಲವೆಂದು ಬ್ಯಾಂಕು ಆಗಲೇ ಪ್ರಕಟಿಸಿತು. ಬ್ಯಾಂಕಿನ ಗೋಡೆಗೆ ಕನ್ನ ಕೊರೆದರೆ ಹೊಣೆ ಬ್ಯಾಂಕಿನದು. ಇದರ ಬಗ್ಗೆ ವಿವಾದವಿಲ್ಲ.

ವಿವಾದ ಹುಟ್ಟುವುದು ಬೇರೆ ಕಡೆ. ಖಜಾನೆಯ ಎರಡು ಕೀಲಿಗಳು ಇಬ್ಬರ ಬಳಿ ಇರುತ್ತಿದ್ದವು. ಆನ್‌ಲೈನ್ ವ್ಯವಸ್ಥೆಯಲ್ಲಿ ಎರಡೂ ಕೀಲಿಗಳು ಒಬ್ಬನ ಜೇಬಿನಲ್ಲಿಯೇ, ಬಹುಮಟ್ಟಿಗೆ ಒಂದೇ ಮೊಬೈಲಿನಲ್ಲಿಯೇ ಇವೆ. ಆದುದರಿಂದ ಕಳ್ಳನು ಬೀಗ ಒಡೆಯುವ ಗೋಜಿಗೆ ಹೋಗುವುದಿಲ್ಲ, ಕೀಲಿ ಹಿಡಿದವನನ್ನೇ ಮಾತಿನಲ್ಲಿ ಮರುಳು ಮಾಡುತ್ತಾನೆ. ಕೆವೈಸಿ ಮುಗಿದಿದೆ, ವಿದ್ಯುತ್ ಸಂಪರ್ಕ ಇಂದು ರಾತ್ರಿ ಕಡಿತವಾಗುತ್ತದೆ, ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ ಎಂದು ಕಥೆಗಳು ಬದಲಾಗುತ್ತಿರುತ್ತವೆ. ಸಂಸತ್ತಿಗೆ ಕೇಂದ್ರ ಗೃಹ ಸಚಿವಾಲಯ ನೀಡಿದ ಮಾಹಿತಿಯಂತೆ ಸೈಬರ್ ವಂಚನೆಗಳಿಂದ ದೇಶದ ಜನ ಕಳೆದುಕೊಂಡದ್ದು 2023ರಲ್ಲಿ ಸುಮಾರು 7,465 ಕೋಟಿ ರೂಪಾಯಿ, 2024ರಲ್ಲಿ ಸುಮಾರು 22,845 ಕೋಟಿ ರೂಪಾಯಿ. ಒಂದೇ ವರ್ಷದಲ್ಲಿ ಮೂರು ಪಟ್ಟು. ಇದರಲ್ಲಿ ಷೇರು ಹೂಡಿಕೆಯ ಆಮಿಷ ಮೊದಲಾದ ಎಲ್ಲ ಬಗೆಯ ಮೋಸಗಳೂ ಸೇರಿವೆ. ಎಲ್ಲವನ್ನೂ ಆನ್‌ಲೈನ್ ಬ್ಯಾಂಕಿಂಗಿನ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಹಣ ಹರಿದುಹೋಗುವುದು ಕೊನೆಗೆ ಬ್ಯಾಂಕಿನ ಕಾಲುವೆಯಲ್ಲಿಯೇ.

ಹಾಗಾದರೆ ಆನ್‌ಲೈನ್ ಬೇಡವೇ ಬೇಡ ಎನ್ನುವವರು ಬುದ್ಧಿವಂತರೇ? ಅವರಿಗಾಗಿ ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ ಇದೆ. 2023ರಲ್ಲಿ ಹಲವರ ಖಾತೆಗಳಿಂದ ಇದ್ದಕ್ಕಿದ್ದಂತೆ ಹಣ ಹೋಗತೊಡಗಿತು. ಅವರಿಗೆ ಯಾರೂ ಕರೆ ಮಾಡಿರಲಿಲ್ಲ, ಒಟಿಪಿ ಬಂದಿರಲಿಲ್ಲ, ಯಾವ ಲಿಂಕನ್ನೂ ಅವರು ಒತ್ತಿರಲಿಲ್ಲ. ವಿಚಾರಿಸಿ ನೋಡಿದರೆ ಅವರಲ್ಲಿ ಅನೇಕರು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದವರು. ಕ್ರಯಪತ್ರದಲ್ಲಿ ಆಧಾರ್ ಸಂಖ್ಯೆಯೂ ಇರುತ್ತದೆ, ಹೆಬ್ಬೆರಳಿನ ಗುರುತೂ ಇರುತ್ತದೆ. ಜಾಲತಾಣದಲ್ಲಿ ದೊರೆಯುತ್ತಿದ್ದ ಪತ್ರಗಳ ಪ್ರತಿಗಳಿಂದ ಆ ಗುರುತನ್ನು ನಕಲು ಮಾಡಿ, ಹಳ್ಳಿಗಳ ಬ್ಯಾಂಕ್ ಮಿತ್ರರ ಯಂತ್ರಗಳಿಗಾಗಿ ರೂಪಿಸಿದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯಲಾಗುತ್ತಿದೆ ಎಂಬ ಕಡೆಗೆ ಪೊಲೀಸ್ ತನಿಖೆ ಬೆಟ್ಟುಮಾಡಿತು. ಬೆರಳ ಗುರುತನ್ನು ಲಾಕ್ ಮಾಡಿಕೊಳ್ಳಿ ಎಂದು ಸಾರ್ವಜನಿಕರಿಗೆ ಎಚ್ಚರಿಕೆ ನೀಡಲಾಯಿತು.

ಈ ಪ್ರಸಂಗ ನನ್ನನ್ನು ಬಹಳ ಕಾಡಿದೆ. ಹೆಬ್ಬೆಟ್ಟೊತ್ತುವುದು ಕಂದಾಯ ಆಡಳಿತದಲ್ಲಿ ತಲೆಮಾರುಗಳಿಂದ ಬಂದ ಪದ್ಧತಿ. ದಾಖಲೆ ಸಾರ್ವಜನಿಕವಾಗಿರಬೇಕು, ಯಾರು ಬೇಕಾದರೂ ನಕಲು ಪಡೆಯುವಂತಿರಬೇಕು ಎಂಬುದೂ ಒಳ್ಳೆಯ ತತ್ವವೇ. ಆದರೆ ಅದೇ ಹೆಬ್ಬೆಟ್ಟು ಬ್ಯಾಂಕಿನ ಕೀಲಿಯೂ ಆದಾಗ, ಕೀಲಿಯ ಅಚ್ಚನ್ನು ಕಚೇರಿಯ ಹೊರಗೆ ನೇತುಹಾಕಿದಂತಾಯಿತು. ಒಂದು ಇಲಾಖೆ ಗುರುತೆಂದು ಬಳಸಿದ್ದನ್ನು ಇನ್ನೊಂದು ವ್ಯವಸ್ಥೆ ಬೀಗವೆಂದು ಬಳಸುತ್ತಿದೆ ಎಂಬುದನ್ನು ಎರಡನ್ನೂ ಸೇರಿಸಿ ಯಾರೂ ಯೋಚಿಸಿದಂತಿಲ್ಲ. ಗುಪ್ತಸಂಖ್ಯೆ ಬಯಲಾದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾಗದು. ಇಲ್ಲಿ ಹಣ ಕಳೆದುಕೊಂಡವರ ನಿರ್ಲಕ್ಷ್ಯ ಎಲ್ಲಿದೆ? ಅವರು ಮಾಡಿದ್ದು ಕಾನೂನು ಹೇಳಿದಂತೆ ನೋಂದಣಿ ಮಾಡಿಸಿದ್ದು ಮಾತ್ರ. ಪಾಸ್‌ಬುಕ್ಕಿನ ಪಕ್ಷದವರು ಗಮನಿಸಬೇಕಾದದ್ದು ಇದನ್ನೇ: ನೀವು ಆನ್‌ಲೈನ್ ಆಗದಿದ್ದರೂ ನಿಮ್ಮ ಖಾತೆ ಎಂದೋ ಆನ್‌ಲೈನ್ ಆಗಿದೆ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಅದರ ಆ್ಯಪ್‌ನಲ್ಲಿ ಬೆರಳ ಗುರುತನ್ನು ಲಾಕ್ ಮಾಡುವ ಸೌಲಭ್ಯವಿದೆ. ಐದು ನಿಮಿಷದ ಕೆಲಸ. ಬೇಕಾದಾಗ ತೆರೆದುಕೊಳ್ಳಬಹುದು.

ಇನ್ನು ನಷ್ಟದ ಪ್ರಶ್ನೆಗೆ ಬರೋಣ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಒಂದು ಮಹತ್ವದ ಸುತ್ತೋಲೆ ಹೊರಡಿಸಿತು. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷದ ಡಿಸೆಂಬರ್‌ನಲ್ಲಿ ಅಂಥದೇ ಸುತ್ತೋಲೆ ಹೋಯಿತು. ಬ್ಯಾಂಕಿನ ಲೋಪದಿಂದ ಹಣ ಹೋದರೆ ಗ್ರಾಹಕನಿಗೆ ಹೊಣೆಯೇ ಇಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ವ್ಯವಸ್ಥೆಯಲ್ಲಿ ಇನ್ನೆಲ್ಲೋ ಇದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ಗ್ರಾಹಕ ದೂರಿದರೆ ಆಗಲೂ ಹೊಣೆ ಶೂನ್ಯ. ನಾಲ್ಕರಿಂದ ಏಳು ಕೆಲಸದ ದಿನಗಳೊಳಗೆ ದೂರಿದರೆ ಸಾಮಾನ್ಯ ಉಳಿತಾಯ ಖಾತೆದಾರನ ಹೊಣೆ ಹೆಚ್ಚೆಂದರೆ 10,000 ರೂಪಾಯಿ. ದೂರು ಬಂದ ಹತ್ತು ಕೆಲಸದ ದಿನಗಳಲ್ಲಿ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, ತೊಂಬತ್ತು ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗ್ರಾಹಕನದೇ ತಪ್ಪು ಎಂದು ರುಜುವಾತು ಮಾಡುವ ಭಾರ ಬ್ಯಾಂಕಿನ ಮೇಲಿದೆ. ಇಷ್ಟು ಅನುಕೂಲಕರವಾದ ನಿಯಮವೊಂದು ಇತ್ತೆಂಬುದೇ ಹಣ ಕಳೆದುಕೊಂಡ ಅನೇಕರಿಗೆ ತಿಳಿದಿರಲಿಲ್ಲ. ಇಂತಹ ನಿಯಮಗಳು ಆಗಾಗ ಪರಿಷ್ಕೃತವಾಗುತ್ತಿರುತ್ತವೆ. ನಿಮ್ಮ ಬ್ಯಾಂಕಿನ ಸದ್ಯದ ಗ್ರಾಹಕ ರಕ್ಷಣಾ ನೀತಿಯನ್ನು ಒಮ್ಮೆ ಓದಿಟ್ಟುಕೊಳ್ಳುವುದು ಲೇಸು.

ಆದರೆ ಅದೇ ಸುತ್ತೋಲೆಯಲ್ಲಿ ಇನ್ನೊಂದು ವಾಕ್ಯವಿತ್ತು. ಗ್ರಾಹಕನೇ ತನ್ನ ಗುಪ್ತ ವಿವರಗಳನ್ನು ಹಂಚಿಕೊಂಡಂತಹ ನಿರ್ಲಕ್ಷ್ಯದಿಂದ ನಷ್ಟವಾದರೆ, ದೂರು ಕೊಡುವ ಕ್ಷಣದವರೆಗಿನ ಪೂರ್ಣ ನಷ್ಟ ಅವನದೇ. ಈ ಒಂದು ವಾಕ್ಯದ ಮರೆಯಲ್ಲಿ ಬ್ಯಾಂಕುಗಳು ಎಷ್ಟು ಸುಲಭವಾಗಿ ನಿಲ್ಲಬಲ್ಲವೆಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. 2019ರಲ್ಲಿ ನನ್ನ ಹಿಂದಿನ ಸಹೋದ್ಯೋಗಿಯೊಬ್ಬರ ಮೊಬೈಲಿಗೆ ಒಂದು ಸಂಜೆ ಸಿಗ್ನಲ್ ನಿಂತುಹೋಯಿತು. ಟವರಿನ ತೊಂದರೆಯಿರಬೇಕೆಂದು ಅವರು ಮಲಗಿದರು. ಬೆಳಗಾಗುವಷ್ಟರಲ್ಲಿ ಖಾತೆಯಿಂದ ಮೂರು ಬಾರಿ ಹಣ ಹೋಗಿತ್ತು. ಬ್ಯಾಂಕಿನಿಂದ ಬಂದ ಉತ್ತರ ಎರಡೇ ಸಾಲಿನದು: ಸದರಿ ವ್ಯವಹಾರಗಳು ಒಟಿಪಿಯಿಂದ ದೃಢೀಕೃತವಾಗಿವೆ, ಆದ್ದರಿಂದ ಬ್ಯಾಂಕು ಜವಾಬ್ದಾರಿಯಲ್ಲ. ನಾನೂ ನನ್ನ ಸೇವಾವಧಿಯಲ್ಲಿ ಸಾಕಷ್ಟು ಹಿಂಬರಹಗಳನ್ನು ಕಂಡವನೇ. ಕಡತ ತೆರೆಯದೆ ಬರೆದ ಹಿಂಬರಹದ ವಾಸನೆ ನನಗೆ ತಿಳಿಯುತ್ತದೆ. ನಿಜಕ್ಕೂ ನಡೆದದ್ದು ಇಷ್ಟು: ಅವರ ಹೆಸರಿನಲ್ಲಿ ಯಾರೋ ಬೇರೊಂದು ಊರಿನಲ್ಲಿ ನಕಲಿ ಸಿಮ್ ಪಡೆದಿದ್ದರು. ಒಟಿಪಿ ಹೋದದ್ದು ಅಲ್ಲಿಗೆ. ಆ ಸಿಮ್ ಯಾವ ದಿನ, ಎಷ್ಟು ಗಂಟೆಗೆ ವಿತರಣೆಯಾಯಿತು ಎಂಬ ಪತ್ರವನ್ನು ದೂರವಾಣಿ ಕಂಪನಿಯಿಂದ ಹಟ ಹಿಡಿದು ಪಡೆದು ಒಪ್ಪಿಸಿದ ಮೇಲೆ ಬ್ಯಾಂಕು ಹಣ ಹಿಂದಿರುಗಿಸಿತು. ರುಜುವಾತಿನ ಭಾರ ಬ್ಯಾಂಕಿನದೆಂದು ನಿಯಮ ಹೇಳಿದರೂ, ಹೊತ್ತವರು ಅವರು. ಒಟಿಪಿ ಬಳಕೆಯಾಗಿದೆ ಎಂಬುದಕ್ಕೂ ಗ್ರಾಹಕ ಅದನ್ನು ಕೊಟ್ಟ ಎಂಬುದಕ್ಕೂ ವ್ಯತ್ಯಾಸವಿದೆ.

ಈ ವ್ಯತ್ಯಾಸವನ್ನು ನ್ಯಾಯಪೀಠಗಳು ಗುರುತಿಸಿವೆ. 2010ರಲ್ಲಿಯೇ ತಮಿಳುನಾಡಿನಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ ನ್ಯಾಯನಿರ್ಣಯ ಅಧಿಕಾರಿ, ನಕಲಿ ಇ-ಮೇಲ್‌ನಿಂದ ಮೋಸಹೋದ ಖಾತೆದಾರರೊಬ್ಬರಿಗೆ 12.85 ಲಕ್ಷ ರೂಪಾಯಿ ಕೊಡುವಂತೆ ಬ್ಯಾಂಕಿಗೆ ಆದೇಶಿಸಿದ್ದರು. ಅಸ್ಸಾಮಿನ ಪ್ರಕರಣವೊಂದರಲ್ಲಿ, ಖರೀದಿಸಿದ ವಸ್ತುವನ್ನು ಹಿಂದಿರುಗಿಸಲು ಹೊರಟ ಗ್ರಾಹಕನಿಗೆ ಅಂಗಡಿಯ ಸಿಬ್ಬಂದಿಯೆಂದು ಹೇಳಿಕೊಂಡವನೊಬ್ಬ ಕರೆ ಮಾಡಿ, ಒಂದು ಆ್ಯಪ್ ಹಾಕಿಸಿ 94,204 ರೂಪಾಯಿ ಲಪಟಾಯಿಸಿದ. ಗ್ರಾಹಕ 24 ಗಂಟೆಯೊಳಗೆ ದೂರಿದ್ದ. ಗುವಾಹಟಿ ಹೈಕೋರ್ಟು 2017ರ ಸುತ್ತೋಲೆಯನ್ನು ಆಧರಿಸಿ ಹಣ ಕೊಡುವಂತೆ ಸ್ಟೇಟ್ ಬ್ಯಾಂಕಿಗೆ ಆದೇಶಿಸಿತು. 2025ರ ಜನವರಿ 3ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಗ್ರಾಹಕರೂ ಎಚ್ಚರವಾಗಿರಬೇಕು, ಒಟಿಪಿ ಹಂಚಿಕೊಳ್ಳಬಾರದು ಎಂಬ ಮಾತನ್ನೂ ಸೇರಿಸಿತು. ಆದರೆ ತೊಂಬತ್ತು ಸಾವಿರಕ್ಕಾಗಿ ದೆಹಲಿಯವರೆಗೆ ಹೋಗುವ ಚೈತನ್ಯ ಎಷ್ಟು ಮಂದಿಗಿದ್ದೀತು?

ಅರ್ಥಶಾಸ್ತ್ರ ಓದಿದವನಾಗಿ ನನಗೆ ಈ ಪ್ರಶ್ನೆ ಹೀಗೆ ಕಾಣುತ್ತದೆ. ಒಂದು ಅಪಘಾತವನ್ನು ಅತ್ಯಂತ ಕಡಿಮೆ ವೆಚ್ಚದಲ್ಲಿ ಯಾರು ತಡೆಯಬಲ್ಲರೋ ನಷ್ಟದ ಹೊಣೆಯನ್ನು ಅವರ ಮೇಲಿಟ್ಟರೆ ಅಪಘಾತಗಳು ಕಡಿಮೆಯಾಗುತ್ತವೆ. ಕೋಟ್ಯಂತರ ಗ್ರಾಹಕರನ್ನು, ಅವರಲ್ಲಿ ಎಪ್ಪತ್ತು ದಾಟಿದವರನ್ನು, ಇಂಗ್ಲಿಷ್ ಸಂದೇಶ ಓದಲಾಗದವರನ್ನು ಸದಾ ಜಾಗೃತರಾಗಿರಿಸುವುದು ಎಷ್ಟು ದುಬಾರಿ! ನಕಲಿ ಸಿಮ್‌ನ ಹಾವಳಿಯನ್ನೇ ನೋಡಿ. ಹೊಸದಾಗಿ ಬದಲಾಯಿಸಿದ ಸಿಮ್‌ಗೆ ಮೊದಲ 24 ಗಂಟೆ ಎಸ್ಎಂಎಸ್ ಹೋಗದಂತೆ ತಡೆಯಬೇಕೆಂದು ದೂರಸಂಪರ್ಕ ಇಲಾಖೆ 2022ರ ಕೊನೆಯಲ್ಲಿ ಆದೇಶಿಸಿತು. ಯುಪಿಐನಲ್ಲಿ ಅಪರಿಚಿತರು ಹಣ ಕೋರಿ ಕಳುಹಿಸುತ್ತಿದ್ದ ಕೋರಿಕೆಗಳನ್ನೇ ರಾಷ್ಟ್ರೀಯ ಪಾವತಿ ನಿಗಮ 2025ರ ಅಕ್ಟೋಬರ್ 1ರಿಂದ ವ್ಯಕ್ತಿಗಳ ನಡುವೆ ನಿಲ್ಲಿಸಿತು. ಈ ಎರಡು ಕ್ರಮಗಳಿಗೂ ಗ್ರಾಹಕನ ಎಚ್ಚರ ಬೇಕಿಲ್ಲ. ಅವನು ನಿದ್ರಿಸುತ್ತಿದ್ದರೂ ಅವು ಎಚ್ಚರವಾಗಿರುತ್ತವೆ. ಒಟಿಪಿ ಯಾರಿಗೂ ಹೇಳಬೇಡಿ ಎಂಬ ಸಂದೇಶ ಕಳುಹಿಸುವುದು ಬ್ಯಾಂಕಿಗೆ ಅಗ್ಗ. ಕದ್ದ ಹಣ ಬಂದು ಬೀಳುವ ಬಾಡಿಗೆ ಖಾತೆಗಳನ್ನು ಪತ್ತೆಹಚ್ಚುವುದು ಶ್ರಮದ ಕೆಲಸ. ಆದರೆ ಆ ಖಾತೆಗಳನ್ನು ತೆರೆದದ್ದು ಯಾವುದೋ ಬ್ಯಾಂಕೇ ಅಲ್ಲವೇ? ನನ್ನನ್ನು ಕೆವೈಸಿ ಹೆಸರಿನಲ್ಲಿ ಮೂರು ಬಾರಿ ಓಡಾಡಿಸುವ ವ್ಯವಸ್ಥೆ, ಒಂದೇ ದಿನದಲ್ಲಿ ಹತ್ತಾರು ಊರುಗಳಿಂದ ಲಕ್ಷಗಳು ಬಂದು ಗಂಟೆಯೊಳಗೆ ಖಾಲಿಯಾಗುವ ಖಾತೆಯನ್ನು ಕಾಣುವುದಿಲ್ಲವೆಂದರೆ ನಂಬುವುದು ಕಷ್ಟ.

ಬ್ರಿಟನ್ 2024ರ ಅಕ್ಟೋಬರ್ 7ರಿಂದ ಬೇರೊಂದು ದಾರಿ ಹಿಡಿಯಿತು. ಅಲ್ಲಿ ಮೋಸಕ್ಕೆ ಸಿಕ್ಕಿ ಸ್ವತಃ ಹಣ ಕಳುಹಿಸಿದವನಿಗೂ 85,000 ಪೌಂಡ್‌ವರೆಗೆ ಪರಿಹಾರವಿದೆ. ಅದನ್ನು ಹಣ ಕಳುಹಿಸಿದ ಬ್ಯಾಂಕು, ಹಣ ಪಡೆದ ಬ್ಯಾಂಕು ಸಮನಾಗಿ ಹಂಚಿಕೊಳ್ಳಬೇಕು. ಘೋರ ನಿರ್ಲಕ್ಷ್ಯಕ್ಕೆ ಮಾತ್ರ ವಿನಾಯಿತಿ, ಅದೂ ದುರ್ಬಲ ಗ್ರಾಹಕರಿಗೆ ಅನ್ವಯಿಸದು. ಹೀಗೆ ಮಾಡಿದರೆ ಜನ ಬೇಜವಾಬ್ದಾರರಾಗುತ್ತಾರೆ ಎಂಬ ಆಕ್ಷೇಪಣೆಯನ್ನು ನಾನು ತಳ್ಳಿಹಾಕುವುದಿಲ್ಲ. ಪ್ರತಿ ದೂರಿನಲ್ಲಿಯೂ ಮೊದಲ ಸಣ್ಣ ಮೊತ್ತ ಗ್ರಾಹಕನಿಗೇ ಇರಲಿ ಎಂದರೆ ಆ ಭಯ ಬಹುಮಟ್ಟಿಗೆ ಕಳೆಯುತ್ತದೆ. ನಮ್ಮಲ್ಲಿಯೂ, ಕನಿಷ್ಠಪಕ್ಷ ಹಣ ಪಡೆದ ಬ್ಯಾಂಕಿನ ಮೇಲೆ ಅರ್ಧ ಹೊಣೆ ಬೀಳುವಂತಾದರೆ, ಬಾಡಿಗೆ ಖಾತೆಗಳು ತಾವಾಗಿಯೇ ಅವುಗಳ ಕಣ್ಣಿಗೆ ಕಾಣಿಸತೊಡಗುತ್ತವೆ ಎಂದು ನನ್ನ ನಂಬಿಕೆ.

ಅಲ್ಲಿಯವರೆಗೆ ನಮ್ಮ ಹಣವನ್ನು ನಾವೇ ನೋಡಿಕೊಳ್ಳಬೇಕು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದ ಕ್ರಮವು ತಂತ್ರಜ್ಞಾನಕ್ಕೆ ಸಂಬಂಧಿಸಿದ್ದೇ ಅಲ್ಲ: ಖಾತೆ ಎರಡಿರಲಿ. ಪಿಂಚಣಿ, ಠೇವಣಿಗಳಿರುವ ಖಾತೆಗೆ ಯುಪಿಐ ಜೋಡಿಸುವುದೇ ಬೇಡ. ತಿಂಗಳ ಖರ್ಚಿನಷ್ಟನ್ನು ಇನ್ನೊಂದು ಖಾತೆಗೆ ಹಾಕಿಕೊಂಡು, ತರಕಾರಿಯಿಂದ ಆಟೊದವರೆಗೆ ಅದರಿಂದಲೇ ಕೊಡಿ. ಹಿಂದೆ ಮನೆಗಳಲ್ಲಿ ದಿನದ ಖರ್ಚಿನ ಹಣ ಅಡುಗೆಮನೆಯ ಡಬ್ಬಿಯಲ್ಲಿಯೂ ಉಳಿದದ್ದು ಕಬ್ಬಿಣದ ಪೆಟ್ಟಿಗೆಯಲ್ಲಿಯೂ ಇರುತ್ತಿದ್ದುದರ ಹಿಂದೆ ಇದ್ದ ವಿವೇಕ ಇದೇ. ನೆಟ್ ಬ್ಯಾಂಕಿಂಗಿನಲ್ಲಿ ದಿನಕ್ಕೆ ಎಷ್ಟು ವರ್ಗಾಯಿಸಬಹುದೆಂಬ ಮಿತಿಯನ್ನು ಇಳಿಸಿಡಿ. ಕಾರ್ಡಿನ ವಿದೇಶಿ ಬಳಕೆ, ಆನ್‌ಲೈನ್ ಬಳಕೆಗಳನ್ನು ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವ ಸೌಲಭ್ಯವನ್ನು 2020ರಿಂದಲೇ ಬ್ಯಾಂಕುಗಳು ಕೊಡಬೇಕಾಗಿದೆ, ಬಳಸಿಕೊಳ್ಳಿ. ಆನ್‌ಲೈನ್ ಮೂಲಕ ಠೇವಣಿ ಮುರಿಯುವ ಅವಕಾಶವನ್ನು ನಿಲ್ಲಿಸಲಾಗುವುದೇ ಎಂದು ಶಾಖೆಯಲ್ಲಿ ಕೇಳಿ ನೋಡಿ.

ಬ್ಯಾಂಕಿನ ಸಹಾಯವಾಣಿಯನ್ನು ಗೂಗಲ್‌ನಲ್ಲಿ ಹುಡುಕುವುದು ಅಪಾಯಕಾರಿ; ಕಾರ್ಡಿನ ಹಿಂಬದಿಯಲ್ಲಿಯೇ ಸಂಖ್ಯೆ ಇರುತ್ತದೆ. ಬ್ಯಾಂಕುಗಳ ಜಾಲತಾಣಗಳು 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ವಿಧಿಸಿತ್ತು. ವಿಳಾಸದ ಆ ಬಾಲವನ್ನು ನೋಡಿಯೇ ಒಳಗೆ ಹೋಗಿ. ವಾಟ್ಸ್ಆ್ಯಪ್‌ನಲ್ಲಿ ಮದುವೆಯ ಕರೆಯೋಲೆಯೆಂದೋ ಸಂಚಾರ ದಂಡದ ಚಲನ್ ಎಂದೋ ಬರುವ ಕಡತದ ಹೆಸರು ‘ಎಪಿಕೆ’ ಎಂದು ಮುಗಿದರೆ ಅದು ಓಲೆಯಲ್ಲ, ಮೊಬೈಲಿನೊಳಗೆ ಕುಳಿತು ಒಟಿಪಿ ಓದುವ ಗೂಢಚಾರ. ಜೀವಿತ ಪ್ರಮಾಣಪತ್ರದ ನವೆಂಬರ್ ತಿಂಗಳಲ್ಲಿ ಪಿಂಚಣಿದಾರರಿಗೆ ಬರುವ ಕರೆಗಳನ್ನಂತೂ ಕತ್ತರಿಸುವುದೇ ಸರಿ. ಹಣ ಪಡೆಯಲು ಪಿನ್ ಬೇಕಿಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಡಿಜಿಟಲ್ ಅರೆಸ್ಟ್ ಎಂಬುದರ ಬಗ್ಗೆ ಮಾತ್ರ ಎರಡು ಮಾತು ಹೆಚ್ಚು ಹೇಳಬೇಕು. ಅಂಥದೊಂದು ಬಂಧನ ಈ ದೇಶದ ಕಾನೂನಿನಲ್ಲಿ ಇಲ್ಲ. 2024ರ ಅಕ್ಟೋಬರ್ 27ರ ಆಕಾಶವಾಣಿ ಭಾಷಣದಲ್ಲಿ ಪ್ರಧಾನಿಯವರೂ ಇದನ್ನು ಸ್ಪಷ್ಟಪಡಿಸಿದ್ದರು. ಆದರೂ ವಿದ್ಯಾವಂತರೇ, ಅದರಲ್ಲಿಯೂ ಸರ್ಕಾರಿ ಸೇವೆಯಲ್ಲಿದ್ದವರು ಇದಕ್ಕೆ ಸಿಕ್ಕಿಬೀಳುವುದನ್ನು ಕಂಡಾಗ ಕಾರಣ ನನಗೆ ಅರ್ಥವಾಗುತ್ತದೆ. ಜೀವನವಿಡೀ ಮೇಲಿನ ಆದೇಶಕ್ಕೆ ತಲೆಬಾಗಿದವರಿಗೆ ಮುದ್ರೆ, ಸಮವಸ್ತ್ರ, ಕಡತದ ಸಂಖ್ಯೆ ಕಂಡೊಡನೆ ಬೆನ್ನು ತಾನಾಗಿಯೇ ಬಾಗುತ್ತದೆ. ಸೇವೆಯಲ್ಲಿದ್ದಾಗ ನಾನು ಸಹಿ ಮಾಡಿದ ನೋಟಿಸುಗಳಲ್ಲಿ ಒಂದೂ ವಿಡಿಯೊ ಕರೆಯಲ್ಲಿ ಜಾರಿಯಾಗಲಿಲ್ಲ, ಯಾವುದೂ ಮನೆಯವರಿಗೆ ಹೇಳಬೇಡಿ ಎನ್ನಲಿಲ್ಲ. ಗುಟ್ಟಾಗಿಡಿ ಎಂದು ಹೇಳುವ ಸರ್ಕಾರಿ ಅಧಿಕಾರಿ ಅಧಿಕಾರಿಯಲ್ಲ.

ಎಷ್ಟು ಎಚ್ಚರವಿದ್ದರೂ ಹಣ ಹೋದರೆ? ಮೊದಲು 1930ಕ್ಕೆ ಕರೆ ಮಾಡಬೇಕು. 2021ರಿಂದ ಕೇಂದ್ರ ಗೃಹ ಸಚಿವಾಲಯ ನಡೆಸುತ್ತಿರುವ ವ್ಯವಸ್ಥೆ ಇದು. ಹಣ ಯಾವ ಖಾತೆಗೆ ಹೋಯಿತೋ ಅದನ್ನು ಅಲ್ಲಿಯೇ ತಡೆಹಿಡಿಯಲು ಬ್ಯಾಂಕುಗಳಿಗೆ ಇಲ್ಲಿಂದ ಸೂಚನೆ ಹೋಗುತ್ತದೆ. ಹಣ ಒಂದು ಖಾತೆಯಿಂದ ನಾಲ್ಕಕ್ಕೆ, ನಾಲ್ಕರಿಂದ ಹದಿನಾರಕ್ಕೆ ಒಡೆದು ಹೋಗುವ ಮೊದಲು ಈ ಕರೆ ಹೋಗಬೇಕು. ಮಕ್ಕಳು ಬೈದಾರೆಂಬ ಸಂಕೋಚದಿಂದ ಒಂದು ರಾತ್ರಿ ಸುಮ್ಮನಿದ್ದು ಎಲ್ಲವನ್ನೂ ಕಳೆದುಕೊಂಡವರನ್ನು ನಾನು ಬಲ್ಲೆ. ಅದೇ ಗಂಟೆಯಲ್ಲಿ ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ, ಏಕೆಂದರೆ ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು ಎಂದು 2017ರ ಸುತ್ತೋಲೆ ಹೇಳಿತ್ತು.

ಮರುದಿನ ಶಾಖೆಗೆ ಹೋಗಿ ಲಿಖಿತ ದೂರು ಕೊಡಿ. ವ್ಯವಹಾರ ನಡೆದ ಗಂಟೆ, ನೀವು ತಿಳಿಸಿದ ಗಂಟೆ, 1930ರಲ್ಲಿ ಸಿಕ್ಕ ಸಂಖ್ಯೆ ಇವಿಷ್ಟೂ ಅದರಲ್ಲಿರಲಿ. ನಿಮ್ಮ ಪ್ರತಿಯ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳದೆ ಹೊರಬರಬೇಡಿ. ಒಟಿಪಿಯಿಂದ ದೃಢೀಕೃತವಾಗಿದೆ ಎಂಬ ಎರಡು ಸಾಲಿನ ಉತ್ತರ ಬಂದರೆ, ಆ ಒಟಿಪಿ ಯಾವ ಸಾಧನಕ್ಕೆ ಹೋಯಿತು, ಲಾಗಿನ್ ಎಲ್ಲಿಂದ ಆಯಿತು, ಹಣ ಪಡೆದ ಖಾತೆ ಯಾವಾಗ ತೆರೆದದ್ದು ಎಂದು ಬರೆದು ಕೇಳಿ. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದಕ್ಕೆ ವಕೀಲರು ಬೇಕಿಲ್ಲ, ಶುಲ್ಕವೂ ಇಲ್ಲ. ಮೊಹರು ಬಿದ್ದ ಆ ಪ್ರತಿಯನ್ನು ಮಾತ್ರ ಜೊತೆಗೆ ಲಗತ್ತಿಸಬೇಕು.